ನೆರಳು ಅಳೆದು ಬಿಸಿಲು ಕಾಯುವುದು: ಪುಣೆಯ ಚಳಿಗಾಲದಲ್ಲಿ ವಿಟಮಿನ್ ಡಿ

ಡಿಸೆಂಬರಿನ ಬೆಳಿಗ್ಗೆ ಎಂಟಕ್ಕೆ ಪುಣೆಯ ಯಾವ ಹೌಸಿಂಗ್ ಸೊಸೈಟಿಗೆ ಹೋದರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸ್ವೆಟರ್, ಮಫ್ಲರ್, ಮಂಕಿ ಟೋಪಿ ಹಾಕಿಕೊಂಡು ನಾಲ್ಕೈದು ಜನ ಎಳೆಬಿಸಿಲು ಕಾಯುತ್ತ ಕೂತಿರುತ್ತಾರೆ. ಕೇಳಿದರೆ ವಿಟಮಿನ್ ಡಿ ತೊಗೊಳ್ತಿದ್ದೀವಿ ಅನ್ನುತ್ತಾರೆ. ಮೈ ಬೆಚ್ಚಗಾಗುತ್ತದೆ, ನಾಲ್ಕು ಮಾತು ಆಗುತ್ತದೆ, ಎರಡೂ ಒಳ್ಳೆಯದೇ. ಡಿ ಮಾತ್ರ ಆ ಬಿಸಿಲಲ್ಲಿ ಇಲ್ಲ.

ಚರ್ಮದಲ್ಲಿ ಡಿ ತಯಾರಾಗುವುದು ಬಿಸಿಲಿನ ಕಾವಿನಿಂದಲ್ಲ, ನೇರಳಾತೀತ ‘ಬಿ’ ಕಿರಣದಿಂದ. ಅದರ ತರಂಗಾಂತರ ಸುಮಾರು 290ರಿಂದ 315 ನ್ಯಾನೊಮೀಟರ್. ಓಝೋನ್ ಪದರ ಈ ಕಿರಣದ ಬಹುಪಾಲನ್ನು ಮೇಲೆಯೇ ಹೀರಿಕೊಳ್ಳುತ್ತದೆ. ಸೂರ್ಯ ತಗ್ಗಿನಲ್ಲಿದ್ದಷ್ಟೂ ಕಿರಣ ಓರೆಯಾಗಿ, ಹೆಚ್ಚು ಗಾಳಿ ಸೀಳಿಕೊಂಡು ಬರಬೇಕು. ನೆಲ ಮುಟ್ಟುವ ಹೊತ್ತಿಗೆ ಬೆಳಕು ಉಳಿದಿರುತ್ತದೆ, ಕಾವೂ ಉಳಿದಿರುತ್ತದೆ, ಬೇಕಾದ ಕಿರಣ ಉಳಿದಿರುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಪುಣೆಯಲ್ಲಿ ಬೆಳಿಗ್ಗೆ 8ಕ್ಕೆ ಸೂರ್ಯ ದಿಗಂತದಿಂದ ಹನ್ನೊಂದು ಹನ್ನೆರಡು ಡಿಗ್ರಿ ಏರಿರುತ್ತಾನೆ, ಅಷ್ಟೆ. ಆಗ ನಿಮ್ಮ ನೆರಳು ನಿಮ್ಮ ಎತ್ತರದ ಐದರಷ್ಟು ಉದ್ದ. 9.30ಕ್ಕೂ ಅದು ಹತ್ತಿರ ಹತ್ತಿರ ಎರಡರಷ್ಟಿರುತ್ತದೆ. ಸಂಜೆ ಐದರ ಬಿಸಿಲಿನದೂ ಇದೇ ಕಥೆ.

ಹಾಗಾಗಿ ನಾನು ಗಡಿಯಾರ ನೋಡುವುದಿಲ್ಲ, ನೆರಳು ನೋಡುತ್ತೇನೆ. ನೆರಳು ನನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ. ಆಗಿನ ಬಿಸಿಲಿಗೆ ಡಿ ತಯಾರಿಸುವ ಕಸುವಿರುತ್ತದೆ. ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಂತು, ಹಿಮ್ಮಡಿಯಿಂದ ನೆರಳಿನ ತಲೆಯವರೆಗೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆಯಿರಿ. ಮನುಷ್ಯನ ಎತ್ತರ ಅವನದೇ ಪಾದದ ಆರೂವರೆ ಪಟ್ಟಿನ ಆಸುಪಾಸು. ನೆರಳು ಆರು ಪಾದದೊಳಗೆ ಬಂದರೆ ಸಂಶಯವೇ ಬೇಡ. ಮುದುಕರಿಗೆ ಇದು ಕಷ್ಟವಾದರೆ ಒಂದು ಮೀಟರ್ ಕೋಲನ್ನು ನಿಲ್ಲಿಸಿ ಅದರ ನೆರಳು ಅಳೆದರೂ ಆಯಿತು. ಡಿಸೆಂಬರ್ 21ರ ನಡುಹಗಲಿಗೆ ಪುಣೆಯಲ್ಲಿ ಅದರ ನೆರಳು ಸುಮಾರು 90 ಸೆಂಟಿಮೀಟರ್. ಅಂದರೆ ವರ್ಷದ ಅತಿ ಕೆಟ್ಟ ದಿನವೂ ನಮ್ಮ ಊರು ಈ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಪಾಸಾಗುತ್ತದೆ. ದಿಲ್ಲಿಯವರಿಗೆ ಆ ದಿನ ಈ ಭಾಗ್ಯ ಇಲ್ಲ.

ಲೆಕ್ಕ ಹಾಕಿಟ್ಟುಕೊಂಡ ಹೊತ್ತುಗಳು ಇವು. ಪುಣೆಯಲ್ಲಿ ನಡುಹಗಲು ಎಂದರೆ 12 ಗಂಟೆ ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಪುಣೆ ಇರುವುದು 74ರ ಹತ್ತಿರ, ಹಾಗಾಗಿ ಸೂರ್ಯ ದಿನದ ಅತಿ ಎತ್ತರಕ್ಕೆ ಏರುವುದು ಸರಾಸರಿ ಅರ್ಧ ಗಂಟೆಗೂ ಹೆಚ್ಚು ತಡ. ನವೆಂಬರ್ ಮೊದಲಲ್ಲಿ ನೆರಳು ಗಿಡ್ಡವಾಗಿರುವುದು ಬೆಳಿಗ್ಗೆ 10.15ರಿಂದ ಮಧ್ಯಾಹ್ನ 2.20ರವರೆಗೆ. ಡಿಸೆಂಬರ್ ಕೊನೆಗೆ ಅದು 11.25ರಿಂದ 1.40ಕ್ಕೆ ಕುಗ್ಗುತ್ತದೆ. ಜನವರಿ ಮುಗಿಯುವಾಗ ಮತ್ತೆ 11ರಿಂದ 2.40, ಫೆಬ್ರವರಿ ನಡುವಿಗೆ 10.40ರಿಂದ 3. ಮುಂಬಯಿ ಇನ್ನಷ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಇರುವುದರಿಂದ ಅಲ್ಲಿ ಡಿಸೆಂಬರಿನ ಹೊತ್ತು ಸುಮಾರು 11.35ರಿಂದ 1.35, ಹೆಚ್ಚುಕಮ್ಮಿ ಎರಡೇ ಗಂಟೆ. ಪಣಜಿಯವರು ಅದೃಷ್ಟವಂತರು: 11ರಿಂದ 2ರವರೆಗೆ ಧಾರಾಳ. ಈ ಗಡಿಯ ಆಚೆ ಡಿ ಸೊನ್ನೆ ಅಂತಲ್ಲ, ಇಳಿಯುತ್ತ ಹೋಗುತ್ತದೆ. ಫೋನಿನ ಹವಾಮಾನ ಪುಟದಲ್ಲಿ ಯುವಿ ಸೂಚ್ಯಂಕ ತೋರಿಸುತ್ತದಲ್ಲ, ಅದು 3ಕ್ಕಿಂತ ಕೆಳಗಿದ್ದರೆ ಕೂತು ಪ್ರಯೋಜನ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಇನ್ನು ಜಾಗ. ಇಲ್ಲಿಯೇ ಹೆಚ್ಚಿನವರು ಸೋಲುವುದು.

ಗಾಜಿನ ಹಿಂದೆ ಕೂತರೆ ಏನೂ ಸಿಗುವುದಿಲ್ಲ. ಕಿಟಕಿಯ ಮಾಮೂಲಿ ಗಾಜು ‘ಬಿ’ ಕಿರಣವನ್ನು ತಡೆದು ‘ಎ’ ಕಿರಣದ ಬಹುಭಾಗವನ್ನು ಬಿಡುತ್ತದೆ. ಚರ್ಮ ಕಪ್ಪಾಗುವುದೂ ಸುಕ್ಕಾಗುವುದೂ ನಡೆದೇ ಇರುತ್ತದೆ, ಬರಬೇಕಾದದ್ದು ಬರುವುದಿಲ್ಲ, ನಷ್ಟದ ಬಾಬತ್ತು. ಬಾಲ್ಕನಿಗೆ ಸ್ಲೈಡಿಂಗ್ ಗಾಜು ಕೂರಿಸಿ ಅದನ್ನು ಕೋಣೆ ಮಾಡಿಕೊಂಡವರು ಗಾಜು ಪೂರ್ತಿ ಸರಿಸಿ ಕೂರಬೇಕು. ತಾರಸಿಗೆ ಹಾಕಿಸುವ ಪಾಲಿಕಾರ್ಬನೇಟ್ ಶೀಟೂ ಅಷ್ಟೆ, ಕೆಳಗೆ ಬೆಳ್ಳಗೆ ಬೆಳಕಿದ್ದರೂ ನೇರಳಾತೀತಕ್ಕೆ ಅದು ಗೋಡೆ. ಗಿಡಗಳಿಗೆ ಕಟ್ಟುವ ಹಸಿರು ನೆಟ್ ಎಷ್ಟು ಶೇಕಡಾ ನೆರಳಿನದೋ ಅಷ್ಟನ್ನು ತಿನ್ನುತ್ತದೆ. ಪಾರಿವಾಳದ ಬಲೆಯಿಂದ ತೊಂದರೆ ಇಲ್ಲ, ಅದರ ಕಣ್ಣು ದೊಡ್ಡದು. ಸೊಳ್ಳೆ ಜಾಲರಿ ಮಾತ್ರ ತೆಗೆದಿಡಿ.

ಬಾಲ್ಕನಿಯ ದಿಕ್ಕು ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆತ್ತಿಗೆ ಬರುವುದೇ ಇಲ್ಲ. ದಕ್ಷಿಣದ ಬಾಲ್ಕನಿಗೆ ಡಿಸೆಂಬರ್ ಮಧ್ಯಾಹ್ನ ಬಿಸಿಲು ಒಳಗೆ ಎರಡು ಮೂರು ಅಡಿ ನುಗ್ಗುತ್ತದೆ. ಅದೇ ಬಾಲ್ಕನಿಗೆ ಮೇ ತಿಂಗಳಲ್ಲಿ ಒಂದು ಚೂರೂ ಬರುವುದಿಲ್ಲ, ಏಕೆಂದರೆ ಮೇ ಮಧ್ಯದಲ್ಲಿ ಪುಣೆಯಲ್ಲಿ ಸೂರ್ಯ ಸರಿಯಾಗಿ ತಲೆಯ ಮೇಲೆ. ಪೂರ್ವದ ಬಾಲ್ಕನಿಗೆ ಬರುವುದು ಬರೀ ಬೆಳಗಿನ ಬಿಸಿಲು, ಡಿ ಲೆಕ್ಕಕ್ಕೆ ಅದು ಚಂದಕ್ಕೆ ಮಾತ್ರ. ಉತ್ತರದ್ದಾದರೆ ಬಟ್ಟೆ ಒಣಗಿಸಲಿಕ್ಕೂ ಪರದಾಟ. ಮುಂಬಯಿಯಲ್ಲಿ ಇನ್ನೊಂದು ಕಷ್ಟ: ಬಾಲ್ಕನಿ ದಕ್ಷಿಣದ್ದೇ ಇದ್ದರೂ ಎದುರಿಗೆ ಇಪ್ಪತ್ತು ಮಾಳಿಗೆಯ ಟವರ್ ಎದ್ದಿದ್ದರೆ ಸೂರ್ಯ ಅದರ ಹಿಂದೆಯೇ ದಿನ ಕಳೆಯುತ್ತಾನೆ.

ಹೀಗಾಗಿ ನಾನು ಬಾಲ್ಕನಿಯ ಆಸೆ ಬಿಟ್ಟು ತಾರಸಿಗೆ ಹೋಗುತ್ತೇನೆ. ಇದಕ್ಕೆ ಇನ್ನೂ ಒಂದು ಕಾರಣವಿದೆ. ನೇರಳಾತೀತ ‘ಬಿ’ ನೇರ ಸೂರ್ಯನಿಂದಷ್ಟೇ ಬರುವುದಲ್ಲ, ಗಾಳಿಯಲ್ಲಿ ಚದುರಿ ಇಡೀ ನೀಲಿ ಆಕಾಶದಿಂದ ಸುರಿಯುತ್ತದೆ. ಆ ಪಾಲು ಸಣ್ಣದಲ್ಲ. ಬಾಲ್ಕನಿಯಲ್ಲಿ ಕೂತವರಿಗೆ ಕಾಣುವುದು ಅರೆಪಾಲು ಆಕಾಶ, ತಾರಸಿಯಲ್ಲಿ ಪೂರ್ತಿ. ಅದೇ ಹದಿನೈದು ನಿಮಿಷ ಎರಡೂ ಕಡೆ ಒಂದೇ ಬೆಲೆಯದಲ್ಲ. ಸೊಸೈಟಿಯವರು ಗಚ್ಚಿಗೆ ಬೀಗ ಹಾಕುವುದು ಎಲ್ಲ ಕಡೆಯ ಹಾಡು. ಒಬ್ಬರೇ ಹೋಗಿ ಕೇಳಿದರೆ ಕೀಲಿ ಸಿಗುವುದಿಲ್ಲ. ನಾಲ್ಕು ಮನೆಯವರು ಸೇರಿ ‘11.30ರಿಂದ 1ರವರೆಗೆ’ ಎಂದು ಹೊತ್ತು ಬರೆದುಕೊಟ್ಟು, ಕೀಲಿ ವಾಚ್‌ಮನ್ ಬಳಿ ಸಹಿ ಮಾಡಿ ಪಡೆಯುವಂತೆ ಮಾಡಿಸಿಕೊಂಡರೆ ಆಗುತ್ತದೆ. ನೀರಿನ ಟ್ಯಾಂಕಿನ ದಕ್ಷಿಣ ಬದಿಗೆ ಚಾಪೆ ಹಾಸಿ. ಟ್ಯಾಂಕು ಬೆನ್ನಿಗೆ ಗಾಳಿ ತಡೆಯುತ್ತದೆ.

ಎಷ್ಟು ಹೊತ್ತು, ಎಷ್ಟು ಮೈ? ಡಿಸೆಂಬರಿನಲ್ಲಿ ನನ್ನ ಲೆಕ್ಕ 30 ನಿಮಿಷ, ವಾರಕ್ಕೆ ನಾಲ್ಕೈದು ದಿನ. ತೋಳು ಮೊಣಕೈಗಿಂತ ಮೇಲಿನವರೆಗೆ, ಕಾಲು ಮೊಣಕಾಲಿನಿಂದ ಕೆಳಗೆ, ಸಾಧ್ಯವಾದರೆ ಬೆನ್ನಿನ ಒಂದಿಷ್ಟು ಭಾಗ. ಹದಿನೈದು ನಿಮಿಷ ಸೂರ್ಯನ ಕಡೆ ಮುಖ, ಹದಿನೈದು ನಿಮಿಷ ಬೆನ್ನು. ಮುಖಕ್ಕೆ ಟೋಪಿಯ ನೆರಳು ಇರಲಿ, ಬೇಕಾದರೆ ಸನ್‌ಸ್ಕ್ರೀನ್ ಹಚ್ಚಿ. ಮುಖದ ಚರ್ಮ ದೇಹದ ಲೆಕ್ಕದಲ್ಲಿ ಅತ್ಯಲ್ಪ, ಅದರಿಂದ ಬರುವ ಡಿಗಿಂತ ಅದಕ್ಕಾಗುವ ಹಾನಿ ಹೆಚ್ಚು. ಫೆಬ್ರವರಿಗೆ 20 ನಿಮಿಷ, ಮೇಗೆ 10 ಸಾಕು. ಇದು ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣದವರಿಗೆ. ಚರ್ಮದ ಮೆಲನಿನ್ ಈ ಕಿರಣವನ್ನೇ ತಡೆಯುವುದರಿಂದ ಅದಕ್ಕಿಂತ ಕಪ್ಪಗಿರುವವರಿಗೆ ಇನ್ನೂ ಹತ್ತು ಹದಿನೈದು ನಿಮಿಷ ಬೇಕು, ಬಿಳಿ ಚರ್ಮದವರಿಗೆ ಇದರ ಅರ್ಧ ಸಾಕು. ಚರ್ಮ ಚುರುಗುಟ್ಟುವ ಮೊದಲೇ ಎದ್ದುಬಿಡಬೇಕು.

ಹೆಚ್ಚು ಹೊತ್ತು ಕೂತರೆ ಹೆಚ್ಚು ಡಿ ಬರುತ್ತದೆ ಎಂಬುದು ತಪ್ಪು ಲೆಕ್ಕ. ಚರ್ಮದಲ್ಲಿ ಮೊದಲು ತಯಾರಾಗುವುದು ಡಿಯ ಹಿಂದಿನ ರೂಪ. ಬಿಸಿಲು ಮುಂದುವರಿದರೆ ಅದೇ ಬಿಸಿಲು ಅದನ್ನು ಕೆಲಸಕ್ಕೆ ಬಾರದ ಬೇರೆ ಪದಾರ್ಥಗಳಾಗಿ ಒಡೆಯುತ್ತದೆ. ಒಂದು ಮಟ್ಟ ಮುಟ್ಟಿದ ಮೇಲೆ ತಯಾರಿಯೂ ನಾಶವೂ ಸಮ. ಬಿಸಿಲಿನಿಂದ ಡಿ ವಿಷವಾಗದೆ ಇರುವುದೂ ಇದೇ ಕಾರಣಕ್ಕೆ. ಆದ್ದರಿಂದ ಭಾನುವಾರ ಸಿಂಹಗಡ ಹತ್ತಿ ಮೂರು ಗಂಟೆ ಸುಟ್ಟುಕೊಂಡು ಬಂದು ವಾರದ ಕೋಟಾ ಮುಗಿಯಿತು ಅಂದುಕೊಳ್ಳುವುದಕ್ಕಿಂತ ನಾಲ್ಕು ದಿನ ಅರ್ಧರ್ಧ ಗಂಟೆ ಮೇಲು. ಡಿಸೆಂಬರ್, ಜನವರಿಯಲ್ಲಿ ಪುಣೆಯ ಸುತ್ತ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಹುರಡಾ ಪಾರ್ಟಿ ಅಂತ ಹೊಲಕ್ಕೆ ಹೋಗುತ್ತಾರಲ್ಲ, ನಮ್ಮ ವಿಜಯಪುರ, ಕಲಬುರಗಿ ಕಡೆಯ ಸೀತನಿ, ಅದಕ್ಕೂ ಈ ಮಾತು ಅನ್ವಯ. ಸೀತನಿ ತಿನ್ನಲಿಕ್ಕೆ ಹೋಗಿ, ಡಿಗಾಗಿ ಅಲ್ಲ.

ಬಿಸಿಲಿಂದ ಬಂದ ತಕ್ಷಣ ಸ್ನಾನ ಮಾಡಿದರೆ ಡಿ ತೊಳೆದುಹೋಗುತ್ತದೆ ಎಂದು ಕೆಲವರು ಎರಡು ದಿನ ಸೋಪು ಮುಟ್ಟುವುದಿಲ್ಲ. ಡಿ ತಯಾರಾಗುವುದು ಚರ್ಮದ ಜೀವಂತ ಪದರದೊಳಗೆ, ಮೇಲಿನ ಜಿಡ್ಡಿನಲ್ಲಿ ಅಲ್ಲ. ಧಾರಾಳವಾಗಿ ಮೀಯಬಹುದು. ಮೈಗೆ ಎಣ್ಣೆ ಹಚ್ಚಿ ಬಿಸಿಲಿಗೆ ಕೂತರೆ ಡಿ ಹೆಚ್ಚುತ್ತದೆ ಎಂಬುದಕ್ಕೂ ಆಧಾರ ಇಲ್ಲ. ಅಭ್ಯಂಗ ಚರ್ಮಕ್ಕೆ ಒಳ್ಳೆಯದು, ಅಷ್ಟಕ್ಕೇ ಮಾಡಿ.

ತುಂಬು ತೋಳಿನ ರವಿಕೆ, ಸೀರೆಯ ಹಿರಿಯ ಹೆಂಗಸರನ್ನು ‘ಬಿಸಿಲಿಗೆ ಕೂರಿ’ ಅಂದರೆ ಕೂರುವುದಿಲ್ಲ. ಮಧ್ಯಾಹ್ನದ ಕೆಲಸವನ್ನೇ ತಾರಸಿಗೆ ಸಾಗಿಸಿದರೆ ತಾನಾಗಿ ಆಗುತ್ತದೆ. ಅವರೆ, ಬಟಾಣಿ ಸುಲಿಯುವುದು, ಮೆಂತ್ಯ ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು. ತೋಳು ಮೇಲಕ್ಕೆ ಮಡಚಿ, ಕಾಲು ಚಾಚಿ ಕೂತರೆ ಅರ್ಧ ಗಂಟೆ ಸರಿಯುವುದು ಗೊತ್ತಾಗುವುದಿಲ್ಲ. ಮುಂಬಯಿಯ ಉಡುಪಿ ಹೋಟೆಲಿನ ಅಡುಗೆಮನೆಯವರದು ಇನ್ನೂ ಇಕ್ಕಟ್ಟು. ಬಿಸಿಲು ಗಟ್ಟಿ ಇರುವ ಹೊತ್ತೇ ಊಟದ ರಶ್ಶು, ಬಿಡುವು ಸಿಗುವ ಮೂರು ಗಂಟೆಗೆ ಡಿಸೆಂಬರಿನ ಸೂರ್ಯ 35 ಡಿಗ್ರಿಗೆ ಇಳಿದಿರುತ್ತಾನೆ. ತಿಂಡಿ ಮುಗಿದು ಊಟ ಶುರುವಾಗುವ ನಡುವೆ 11.30ರ ಸುಮಾರಿಗೆ ಸರದಿ ಮೇಲೆ ಇಪ್ಪತ್ತು ನಿಮಿಷ ಹೊರಗೆ ಬಿಡುವ ಮಾಲೀಕರಿದ್ದರೆ ಸರಿ. ಇಲ್ಲವಾದರೆ ಅವರು ಮಾತ್ರೆಯ ದಾರಿ ಹಿಡಿಯುವುದೇ ಪ್ರಾಮಾಣಿಕ.

ಇಷ್ಟೆಲ್ಲ ಚಳಿಗಾಲದ ಮಾತಾಡಿದರೂ ನಿಜ ಹೇಳಬೇಕೆಂದರೆ ಪುಣೆ, ಮುಂಬಯಿ, ಗೋವಾದಲ್ಲಿ ಡಿಯ ವೈರಿ ಚಳಿಗಾಲ ಅಲ್ಲ, ಮಳೆಗಾಲ. ಯುರೋಪಿನ ಸಲಹೆಗಳನ್ನು ಇಲ್ಲಿಗೆ ತಂದು ಹಚ್ಚುವವರು ಇದನ್ನು ಮರೆಯುತ್ತಾರೆ. ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಮೋಡ, ಕೊಡೆ, ರೇನ್‌ಕೋಟು. ರಕ್ತದಲ್ಲಿರುವ ಡಿ ಎರಡು ಮೂರು ವಾರಕ್ಕೆ ಅರ್ಧ ಆಗುತ್ತ ಹೋಗುತ್ತದೆ. ಕೊಬ್ಬಿನಲ್ಲಿ ಕೂಡಿಟ್ಟದ್ದು ನಿಧಾನಕ್ಕೆ ಹೊರಬಂದು ಸ್ವಲ್ಪ ಸಂಭಾಳಿಸುತ್ತದೆ. ನಾಲ್ಕು ತಿಂಗಳು ಹೀಗೆ ಕಳೆದರೆ ದೀಪಾವಳಿಯ ಹೊತ್ತಿಗೆ ಕಣಜ ಬರಿದು. ಚಳಿ ಶುರುವಾಗಿ ಮೈಕೈ ನೋವು ಕಾಣಿಸಿದಾಗ ಜನ ಚಳಿಯನ್ನು ಬೈಯುತ್ತಾರೆ. ಕಣಜ ತುಂಬಿಸಿಕೊಳ್ಳಬೇಕಾದದ್ದು ಅಕ್ಟೋಬರಿನಲ್ಲಿ, ‘ಅಕ್ಟೋಬರ್ ಹೀಟ್’ ಅಂತ ಎಲ್ಲರೂ ಏಸಿ ಹಾಕಿಕೊಂಡು ಒಳಗೆ ಕೂರುವ ಅದೇ ತಿಂಗಳು. ಆಗ ಹದಿನೈದು ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಡಿಸೆಂಬರಿನಲ್ಲಿ ಅರ್ಧ ಗಂಟೆ ಬೇಕು. ನನ್ನ ತಾರಸಿ ಪಂಚಾಂಗ ಶುರುವಾಗುವುದು ನವರಾತ್ರಿಯ ಮರುದಿನದಿಂದ.

ರಕ್ತಪರೀಕ್ಷೆ, ಪುಡಿ, ಮಾತ್ರೆ

ಮಾಡಿಸಬೇಕಾದ ಪರೀಕ್ಷೆ 25-ಹೈಡ್ರಾಕ್ಸಿ ವಿಟಮಿನ್ ಡಿ. 1,25-ಡೈಹೈಡ್ರಾಕ್ಸಿ ಎಂಬ ಇನ್ನೊಂದು ಇದೆ, ದುಬಾರಿ, ಹೆಸರು ಹತ್ತಿರದ್ದು. ಕೊರತೆ ಇದ್ದರೂ ಅದು ಸರಿಯಾಗಿಯೇ ಬರಬಹುದು, ಕೆಲವೊಮ್ಮೆ ಜಾಸ್ತಿಯೂ ಬರುತ್ತದೆ. ಫಾರಂ ತುಂಬುವಾಗ ಅಂಕಿ ನೋಡಿಕೊಳ್ಳಿ. ಫಲಿತಾಂಶ ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ 20ಕ್ಕಿಂತ ಕಮ್ಮಿ ಇದ್ದರೆ ಕೊರತೆ ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ. 20ರಿಂದ 30ರ ನಡುವೆ ‘ಸಾಲದು’ ಎಂದು ಲ್ಯಾಬಿನ ಕಾಗದ ಕೆಂಪಕ್ಷರದಲ್ಲಿ ಹೆದರಿಸುತ್ತದೆ; ಅದರ ಮೇಲೆ ವೈದ್ಯರಲ್ಲೇ ಒಮ್ಮತ ಇಲ್ಲ. 2011ರಲ್ಲಿ 30 ಇರಬೇಕು ಎಂದಿದ್ದ ಅಮೆರಿಕದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಆ ಗೆರೆಯನ್ನು ಕೈಬಿಟ್ಟಿತು, ಆರೋಗ್ಯವಂತರಿಗೆ ಸುಮ್ಮನೆ ಪರೀಕ್ಷೆ ಬೇಡ ಎಂದೂ ಹೇಳಿತು. ಕೆಲವು ಲ್ಯಾಬು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತವೆ, ಅದನ್ನು 2.5ರಿಂದ ಭಾಗಿಸಿ. 50 ಅಂತ ಬಂದದ್ದು ನೋಡಿ ಖುಷಿಪಟ್ಟವರದು ನಿಜವಾಗಿ 20 ಇರುತ್ತದೆ.

ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಡಿ ಮಟ್ಟವನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ವರ್ಷ ವರ್ಷ ಹೋಲಿಸಬೇಕೆಂದರೆ ಒಂದೇ ಲ್ಯಾಬು, ಒಂದೇ ತಿಂಗಳು. ಮೇಯದನ್ನು ಅಕ್ಟೋಬರಿನದಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಭಾರತದಲ್ಲಿ ಎಲ್ಲ ಔಷಧ ಅಂಗಡಿಯಲ್ಲೂ ಸಿಗುವುದು 60,000 ಐಯುನ (ಡಿ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ಸ್ಯಾಶೆ, ಅಂದರೆ ಪುಡಿಯ ಪೊಟ್ಟಣ, ಇಲ್ಲವೇ ಅಷ್ಟೇ ಬಲದ ಕ್ಯಾಪ್ಸೂಲು, ಪುಟ್ಟ ಬಾಟಲಿ. ಕೊರತೆ ಇದ್ದವರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಂದು, ಎಂಟು ವಾರ, ಒಟ್ಟು 4.8 ಲಕ್ಷ. ಎರಡು ಕಡೆ ಇದು ಕೆಡುತ್ತದೆ. ಮೊದಲನೆಯದು ಭಯಂಕರ: ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ಅಂತ ಓದಿ ತಿಂಗಳಿಗೆ 18 ಲಕ್ಷ ಐಯು ಹೊಟ್ಟೆಗೆ ಹಾಕಿಕೊಳ್ಳುವುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ತೀರದ ದಾಹ, ಪದೇ ಪದೇ ಮೂತ್ರ, ಮಂಕು. ಕೊನೆಗೆ ಕಿಡ್ನಿಗೆ ಪೆಟ್ಟು. ಬಿಸಿಲಿನಿಂದ ವಿಷವಾಗದ ಡಿ ಪುಡಿಯಿಂದ ಆಗುತ್ತದೆ. ಅದಕ್ಕೇ ನಮ್ಮನೆಯಲ್ಲಿ ಗೋಡೆ ಕ್ಯಾಲೆಂಡರಿನ ಭಾನುವಾರಗಳಿಗೆ ಮಾತ್ರ ಸುತ್ತು ಹಾಕಿಡುವುದು, ಕುಡಿದ ಮೇಲೆ ಆ ಸುತ್ತಿನೊಳಗೆ ಗೀಟು. ಓದು ಬಾರದ ಹಿರಿಯರಿಗೂ ಇದು ಅರ್ಥವಾಗುತ್ತದೆ. ಎರಡನೆಯ ತಪ್ಪು ಎಂಟು ವಾರ ಮುಗಿದ ಮೇಲೆ ಪೂರ್ತಿ ನಿಲ್ಲಿಸುವುದು. ಅರ್ಧಾಯುಷ್ಯದ ಲೆಕ್ಕ ಮೇಲೆ ಹೇಳಿದೆನಲ್ಲ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನ ಅಂಕಿಗೇ ಬಂದು ನಿಂತಿರುತ್ತಾರೆ. ಬಿಸಿಲು ಸಿಗದವರು ವೈದ್ಯರನ್ನು ಕೇಳಿ ತಿಂಗಳಿಗೊಂದು ಸ್ಯಾಶೆ ಮುಂದುವರಿಸಬೇಕು, ಅದು ದಿನಕ್ಕೆ 2,000 ಐಯುಗೆ ಸಮ. ದಿನಾ 1,000ದ ಸಣ್ಣ ಮಾತ್ರೆಯೂ ಆದೀತು, ಮರೆಯದವರಿಗೆ. ಮಟ್ಟ ಸ್ಥಿರವಾಗಲು ಮೂರು ತಿಂಗಳು ಬೇಕು, ಅದಕ್ಕೆ ಮೊದಲು ಮರುಪರೀಕ್ಷೆ ದಂಡ.

ಡಿ ಕೊಬ್ಬಿನಲ್ಲಿ ಕರಗುವ ಪದಾರ್ಥ. ಖಾಲಿ ಹೊಟ್ಟೆಗೆ ನೀರಿನಲ್ಲಿ ಕದಡಿ ಕುಡಿದರೆ ಒಂದು ಪಾಲು ಹಾಗೇ ಹೋಗುತ್ತದೆ. ತುಪ್ಪವೋ ಎಣ್ಣೆಯೋ ಚೆನ್ನಾಗಿ ಬಿದ್ದ ದೊಡ್ಡ ಊಟದ ಮೇಲೆ, ಕೆನೆ ತೆಗೆಯದ ಹಾಲಿನಲ್ಲಿ ಹಾಕಿ ಕುಡಿಯಿರಿ. ಡಿ3 ಬಹುಪಾಲು ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ, ಕ್ಯಾಪ್ಸೂಲಿನ ಹೊರಕವಚ ಜೆಲಟಿನ್ ಇರಬಹುದು. ಒಲ್ಲದವರಿಗೆ ಕಲ್ಲುಹೂವಿನ ಜಾತಿಯ ಲೈಕೆನ್‌ನಿಂದ ತೆಗೆದದ್ದೂ ಸಿಗುತ್ತದೆ.

ಕೂಸುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಡ್ರಾಪ್ಸ್ ಬಾಟಲಿ ಮಿಲಿಲೀಟರಿಗೆ 400 ಐಯುನದೂ ಇದೆ, 800ರದೂ ಇದೆ, ಡಬ್ಬಿ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮಗುವಿಗೆ ದಿನಕ್ಕೆ ಬೇಕಾದದ್ದು 400. ಹಳೆಯ ಬಾಟಲಿ ಮುಗಿದು ಹೊಸದು ತಂದಾಗಲೆಲ್ಲ ಬೆನ್ನಿನ ಚೀಟಿ ಓದಿಯೇ ಹನಿ ಹಾಕಬೇಕು.

ಸೂಜಿಯಲ್ಲಿ ಒಮ್ಮೆಗೇ 6 ಲಕ್ಷ ಐಯು ಹಾಕಿಸಿಕೊಂಡು ವರ್ಷ ನಿಶ್ಚಿಂತೆಯಾಗಿರುವ ರೂಢಿ ನನಗೆ ಸರಿಬರುವುದಿಲ್ಲ. ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಕೊಟ್ಟು ನೋಡಿದ ಆಸ್ಟ್ರೇಲಿಯದ ಅಧ್ಯಯನದಲ್ಲಿ, 2010ರಲ್ಲಿ ಹೊರಬಂದದ್ದು, ಬೀಳುವುದೂ ಮೂಳೆ ಮುರಿಯುವುದೂ ಕಮ್ಮಿಯಾಗುವ ಬದಲು ಹೆಚ್ಚಾಗಿತ್ತು. ಕಿಡ್ನಿಯ ಕಲ್ಲು, ಕ್ಷಯ, ಸಾರ್ಕಾಯ್ಡೋಸಿಸ್ ಇರುವವರು ತಾವಾಗಿ ಸ್ಯಾಶೆ ಕೊಳ್ಳಲೇಬಾರದು. ಲೂಪಸ್ ಇದ್ದವರಿಗೆ, ಡಾಕ್ಸಿಸೈಕ್ಲಿನ್‌ನಂಥ ಔಷಧ ನಡೆಯುತ್ತಿರುವವರಿಗೆ ನಡುಹಗಲ ಬಿಸಿಲೇ ಆಗದು. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಡಿ ಬೇಗ ಕರಗುತ್ತದೆ, ತೂಕ ಬಹಳ ಇರುವವರಲ್ಲಿ ಕೊಬ್ಬಿನಲ್ಲಿ ಹುದುಗಿ ರಕ್ತಕ್ಕೆ ಬರುವುದು ಕಡಿಮೆ. ಇವರಿಗೆಲ್ಲ ಪ್ರಮಾಣ ಬೇರೆ.

ಸುಸ್ತಿಗೆಲ್ಲ ಡಿಯೇ ಕಾರಣ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಡಿ ಕೊರತೆಯ ಗುರುತು ಎಂದರೆ ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋವು, ನೆಲದಿಂದ ಕೈಯೂರದೆ ಏಳಲಾಗದಿರುವುದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು. ಬರೀ ಆಯಾಸ, ಜುಮುಜುಮು ಆದರೆ ಶಾಕಾಹಾರಿಗಳು ಮೊದಲು ಬಿ12, ಹಿಮೊಗ್ಲೊಬಿನ್, ಥೈರಾಯ್ಡ್ ನೋಡಿಸಿಕೊಳ್ಳುವುದು ಉತ್ತಮ.

ತಟ್ಟೆಯಲ್ಲಿ ಎಷ್ಟು

ಊಟದಿಂದಲೇ ಡಿ ತುಂಬಿಸುತ್ತೇನೆ ಅಂದರೆ ಆಗುವ ಮಾತಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ದಿನದ ಪ್ರಮಾಣ 600 ಐಯು. ಒಂದು ಮೊಟ್ಟೆಯ ಹಳದಿಯಲ್ಲಿ 40ರ ಸುಮಾರು. ಡಿ ಬೆರೆಸಿದ್ದನ್ನು ತೋರಿಸುವ ‘+ಎಫ್’ ಗುರುತಿನ ಪ್ಯಾಕೆಟ್ ಹಾಲು ಲೀಟರಿಗೆ 200ರಿಂದ 300, ಅಂದರೆ ಲೋಟಕ್ಕೆ ಐವತ್ತು. ಅದೇ ಗುರುತಿನ ಎಣ್ಣೆ 20 ಗ್ರಾಂ ಬಳಸಿದರೆ ನೂರರ ಆಸುಪಾಸು. ಗಾಣದ ಎಣ್ಣೆಗೆ ಇದು ಇರುವುದಿಲ್ಲ. ಗೋವಾದವರು, ಕರಾವಳಿ ಮೂಲದವರು ಬೂತಾಯಿ, ಬಂಗುಡೆ ತಿಂದರೆ ಲೆಕ್ಕ ಸುಧಾರಿಸುತ್ತದೆ, ಕೊಬ್ಬಿನ ಮೀನು ಅವು. ಪಾಂಫ್ರೆಟ್‌ಗೆ ಕೊಡುವ ದುಡ್ಡಿನಲ್ಲಿ ಬೂತಾಯಿ ಒಂದು ವಾರ ಬರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಉಪಾಯ ಅಣಬೆ. ಪೇಟೆಯ ಬಟನ್ ಅಣಬೆ ಕತ್ತಲಲ್ಲಿ ಬೆಳೆದದ್ದು, ಡಿ ಹೆಚ್ಚುಕಮ್ಮಿ ಇಲ್ಲ. 200 ಗ್ರಾಂ ಡಬ್ಬಿ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರಡಿ 12ರಿಂದ 1ರವರೆಗೆ ನೇರ ಬಿಸಿಲಿಗಿಡಿ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಡಿ2 ಆಗಿ ಮಾರ್ಪಡುತ್ತದೆ, 100 ಗ್ರಾಮಿಗೆ 400 ಐಯು ದಾಟುವಷ್ಟು. ಮೇಲೆ ಗಾಜಿನ ಮುಚ್ಚಳ ಹಾಕಿದರೆ ಕೆಲಸ ಕೆಟ್ಟಿತು, ನೊಣಕ್ಕೆ ತೆಳುವಾದ ದೊಡ್ಡ ಕಣ್ಣಿನ ಬಲೆ ಸಾಕು. ಅದೇ ದಿನ ಪಲ್ಯ ಮಾಡಿ ಮುಗಿಸಿ.

ಡಿ ಮಾಡುವ ಕೆಲಸ ಕರುಳಿನಿಂದ ಕ್ಯಾಲ್ಸಿಯಂ ಹೀರಿಸುವುದು. ತಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಹೀರಲಿಕ್ಕೆ ಏನಿದೆ? ದಿನಕ್ಕೆ ಸಾವಿರ ಮಿಲಿಗ್ರಾಂ ಗುರಿ. ಹಸುವಿನ ಹಾಲು ಎರಡು ಲೋಟ, 400 ಮಿಲಿಲೀಟರು, 480. ಒಂದು ಬಟ್ಟಲು ಮೊಸರು 130. ರಾಗಿ ಹಿಟ್ಟು 60 ಗ್ರಾಂ, ಒಂದು ಸಣ್ಣ ಮುದ್ದೆ, 210. ಎಳ್ಳು 10 ಗ್ರಾಂ ನೂರಕ್ಕೂ ಹೆಚ್ಚು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ. ಎಳ್ಳಿನಲ್ಲಿ ಡಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇರುವುದು ಕ್ಯಾಲ್ಸಿಯಂ.

ಗಾಳಿಯ ವಿಷಯ ಬಿಟ್ಟರೆ ಚಳಿಗಾಲದ ಆರೋಗ್ಯ ಅರ್ಧವೇ. ರಾತ್ರಿ ನೆಲ ತಣ್ಣಗಾಗಿ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ಹೊಗೆ ದೂಳೆಲ್ಲ ನೆಲಮಟ್ಟದಲ್ಲೇ ನಿಂತುಬಿಡುತ್ತದೆ. ಮುಂಬಯಿಯಲ್ಲಿ ಕಡಲ ಗಾಳಿ ಏಳುವುದೂ ತಡ. ಬೆಳಿಗ್ಗೆ ಆರಕ್ಕೆ ವಾಚ್‌ಮನ್ ಚಳಿ ಕಾಯಿಸಲು ಹಚ್ಚಿದ ಶೆಕೋಟಿಯ ಹೊಗೆ ಕುಡಿಯುತ್ತ ವಾಕಿಂಗ್ ಮಾಡುವುದು ಶಿಸ್ತಲ್ಲ, ಹಟ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ನಡೆಸುವ ಸಫರ್ ಜಾಲತಾಣದಲ್ಲಿ ಪುಣೆ, ಮುಂಬಯಿ ಎರಡರ ಗಾಳಿಯ ಅಂಕಿ ಸಿಗುತ್ತದೆ. 200 ದಾಟಿದ ದಿನ ನಡಿಗೆಯನ್ನು 11ಕ್ಕೆ ತಳ್ಳಿದರೆ ಗಾಳಿಯೂ ಸ್ವಲ್ಪ ತಿಳಿಯಾಗಿರುತ್ತದೆ, ಡಿಯ ಹೊತ್ತೂ ಕೂಡಿಬರುತ್ತದೆ. ದಟ್ಟ ಮಬ್ಬಿನ ದಿನ ನೇರಳಾತೀತವೂ ಕಮ್ಮಿ, ಹತ್ತು ನಿಮಿಷ ಹೆಚ್ಚು ಕೂರಬೇಕು. ಡಿ ಸರಿಯಿದ್ದರೆ ನೆಗಡಿಯೇ ಬಾರದು ಎಂಬ ಭರವಸೆ ನಾನು ಕೊಡುವುದಿಲ್ಲ. ಫ್ಲೂ ಇಲ್ಲಿ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚಿನೊಳಗೆ ಇನ್ನೊಮ್ಮೆ ಏರುತ್ತದೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು ಅದರ ಲಸಿಕೆಯನ್ನು ವೈದ್ಯರಲ್ಲಿ ಕೇಳಿ ಹಾಕಿಸಿಕೊಳ್ಳಲಿ.

ಒಣ ಚಳಿಗೆ ಒಡೆಯುವ ಹಿಮ್ಮಡಿಗೆ ಗೋವಾ, ಕಾರವಾರ ಕಡೆಯ ಮುರುಗಲು ತುಪ್ಪ (ಕೋಕಂ ಬೀಜದ ಕೊಬ್ಬು) ಮೀರಿದ್ದಿಲ್ಲ. ಕೋಣೆಯ ತಂಪಿನಲ್ಲಿ ಮೇಣದ ಹಾಗೆ ಗಟ್ಟಿ, ಚಮಚೆಯಲ್ಲಿ ಕಡಲೆಕಾಳಿನಷ್ಟು ಇಟ್ಟು ದೀಪದ ಮೇಲೆ ಹಿಡಿದರೆ ಕರಗುತ್ತದೆ. ರಾತ್ರಿ ಕಾಲು ತೊಳೆದು, ಪಸೆ ಆರುವ ಮೊದಲೇ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬಿಸಿ ಇರುವಾಗಲೇ ಹಚ್ಚಿದರೆ ಸುಡುತ್ತದೆ. ಕೈಬೆರಳಿಗೆ ಮುಟ್ಟಿಸಿ ನೋಡಿ ಆಮೇಲೆ.